ರಸ್ತೆಗೆ ಕಾಣುವ ಕುರಿಗಳು

ಜೂನ್ 5, ಗುರುವಾರ

ಬೆಳಗ್ಗೆ ವಾಟಿ ದೊಡ್ಡಪ್ಪ ಇಸ್ತ್ರಿ ಮಾಡಿದ ಕರವಸ್ತ್ರದಿಂದ ಒಂದು ಕುರಿಮರಿಯ ಹಿಂಭಾಗ ಒರೆಸುತ್ತಿದ್ದರು. ಮರಿಗೆ ಭೇದಿಯಾಗಿತ್ತು. ಅಲ್ಲೇ ಪಕ್ಕದಲ್ಲಿ ಇನ್ನೂ ಐದಾರು ಮರಿಗಳಿಗೆ ಅದೇ ಅವಸ್ಥೆ. ಅವುಗಳ ಕಡೆ ಅವರು ತಿರುಗಿಯೂ ನೋಡಲಿಲ್ಲ. ಈ ಮರಿ ರಸ್ತೆಯ ಬೇಲಿಗೆ ಬೆನ್ನು ಹಾಕಿ ನಿಂತಿತ್ತು, ಅಷ್ಟೇ ಅದರ ಪುಣ್ಯ. ಗುರುವಾರ ಇಲ್ಲಿ ಕುರಿಸಂತೆ. ಕಣಿವೆಯ ರೈತರೆಲ್ಲ ಇವರ ಬೇಲಿ ದಾಟಿಕೊಂಡೇ ಸಂತೆಗೆ ಹೋಗಬೇಕು.

"ದೊಡ್ಡಪ್ಪ, ಅದು ದೊಡ್ಡಮ್ಮ ನಿನ್ನೆ ತಾನೇ ಇಸ್ತ್ರಿ ಮಾಡಿದ್ದು" ಎಂದೆ, ಮನಸ್ಸಿನಲ್ಲಿ. ಬಾಯಲ್ಲಿ "ಟೀ ಆಗಿದೆ" ಎಂದೆ. ಅದೂ ಎರಡನೇ ಸಲ ಹೇಳಿದಾಗ ಕೇಳಿಸಿತು.

ಸಾಹಿತ್ಯದ ಪದವಿ ಮುಗಿಸಿ ಒಂದು ವರ್ಷವಾಯಿತು. ಕಾದಂಬರಿಗಳಲ್ಲಿ ಬಾಯಿ ಬಿಡದ ಹೆಂಗಸರ ಬಗ್ಗೆ ನನ್ನ ಪ್ರಬಂಧ. "ರೋನಾ, ವಿಷಯಕ್ಕೆ ನೀನೇ ಒಳ್ಳೆಯ ಸಾಕ್ಷಿ" ಎಂದಿದ್ದರು ನಮ್ಮ ಪ್ರಾಧ್ಯಾಪಕರು. ಆಮೇಲೆ ಸಂದರ್ಶನಕ್ಕೆ ಕರೆದಲ್ಲೆಲ್ಲ ಹೋಗಿ ಆ ಸಾಕ್ಷ್ಯ ನುಡಿದು ಬಂದೆ, ಅಂದರೆ ನುಡಿಯದೆ ಬಂದೆ. ಕೊನೆಗೆ ಸಿಕ್ಕಿದ್ದು ಈ ಕೆಲಸ. ಕುರಿಗಳ ಹೊಟ್ಟೆಹುಳಕ್ಕೆ ಲಸಿಕೆ ಹುಡುಕುತ್ತಿರುವ ಸಂಸ್ಥೆಯೊಂದಕ್ಕೆ ಬೇಸಿಗೆಯುದ್ದಕ್ಕೂ ಹಿಕ್ಕೆ ಸಂಗ್ರಹಿಸಿ ಕೊಡಬೇಕು. ಪ್ರಯೋಗ ನಡೆಯುವುದು ಅಪ್ಪನ ಅಣ್ಣ ವಾಟಿ ಪ್ರಿಂಗಲ್ ಅವರ ಹೊಲದಲ್ಲಿ. ಅವರ ಮನೆಯಲ್ಲಿ ಒಂದು ಮಂಚ ಖಾಲಿಯಿದೆ. ಆ ಮಂಚವೇ ನನ್ನ ಅರ್ಹತೆ.

ಸೆಪ್ಟೆಂಬರ್ ಬಂದರೆ ಎಡಿನ್‌ಬರೋಗೆ ಹೊರಟುಬಿಡುತ್ತೇನೆ. ಅಲ್ಲಿ ಯಾವುದಾದರೂ ಪ್ರಕಾಶನದಲ್ಲಿ ಸಣ್ಣ ಮೇಜು ಸಿಕ್ಕರೂ ಸಾಕು.

ಜೂನ್ 9, ಸೋಮವಾರ

ಸಂಸ್ಥೆಯಿಂದ ಡಾಕ್ಟರ್ ಬ್ಲೇನ್ ಬಂದಿದ್ದರು. ಹಸಿರು ಬೂಟು, ಅಂಗಡಿಯಿಂದ ನೇರವಾಗಿ ಬಂದದ್ದು. ಗೇಟಿನ ಈಚೆಗೆ ನಿಂತು, ಆಚೆಗಿರುವ ಕುರಿಗಳ ಬಗ್ಗೆ ಒಂದು ಗಂಟೆ ಮಾತಾಡಿದರು. ಗೇಟು ದಾಟಲಿಲ್ಲ.

ಹುಳ ಕೂದಲಿನಷ್ಟು ಸಣ್ಣದಂತೆ. ಮರಿಯ ಹೊಟ್ಟೆಯೊಳಗೆ ಸಂಸಾರ ಹೂಡಿ ಮೊಟ್ಟೆಯಿಡುತ್ತದೆ. ಮೊಟ್ಟೆ ಹಿಕ್ಕೆಯ ಜೊತೆ ಹೊರಬಿದ್ದು ಒಡೆಯುತ್ತದೆ, ಎಳೆಹುಳ ಒದ್ದೆ ಹುಲ್ಲನ್ನು ಹತ್ತಿ ಕೂರುತ್ತದೆ, ಹುಲ್ಲನ್ನು ಇನ್ನೊಂದು ಮರಿ ತಿನ್ನುತ್ತದೆ. ದೊಡ್ಡ ಕುರಿಗಳು ಕಾಲಾಂತರದಲ್ಲಿ ಹುಳವನ್ನು ಹತ್ತಿಕ್ಕಲು ಕಲಿಯುತ್ತವೆ. ಮರಿಗಳು ಕಲಿಯುವಷ್ಟರಲ್ಲಿ ಎಲುಬು ತೊಗಲಾಗಿರುತ್ತವೆ.

"ಮರಿಯ ದೇಹಕ್ಕೆ ಈ ಹುಳ ಕಳ್ಳ ಅನ್ನೋದು ಗೊತ್ತಿರೋದಿಲ್ಲ, ಪ್ರಿಂಗಲ್ ಅವರೇ. ನೆಂಟ ಅಂದುಕೊಂಡು ಊಟಕ್ಕೆ ಕೂರಿಸುತ್ತೆ. ನಮ್ಮ ಲಸಿಕೆ ಆ ಕಳ್ಳನ ಫೋಟೋ ಮೊದಲೇ ತೋರಿಸಿಬಿಡುತ್ತೆ" ಎಂದರು ಡಾಕ್ಟರ್.

"ನೆಂಟನೇ ಕಳ್ಳ ಆಗಿದ್ರೆ?" ಎಂದರು ದೊಡ್ಡಪ್ಪ. "ನಮ್ಮನೆಯೋಳ ತಮ್ಮ ಒಬ್ಬ ಅವ್ನೆ."

"ಕೇಳಿಸ್ತು" ಎಂದರು ಐಸೊಬೆಲ್ ದೊಡ್ಡಮ್ಮ, ಅಡುಗೆಮನೆಯ ಕಿಟಕಿಯಿಂದ.

ಮರಿಗಳಲ್ಲಿ ಅರ್ಧಕ್ಕೆ ಬೆನ್ನಿನ ಮೇಲೆ ನೀಲಿ ಬಣ್ಣ, ಇನ್ನರ್ಧಕ್ಕೆ ಕೆಂಪು. ಒಂದು ಬಣ್ಣದವಕ್ಕೆ ಲಸಿಕೆ, ಇನ್ನೊಂದಕ್ಕೆ ಬರೀ ಉಪ್ಪುನೀರಿನ ಚುಚ್ಚುಮದ್ದು. ಯಾವುದಕ್ಕೆ ಯಾವುದು ಎನ್ನುವುದು ಪರಮ ಗುಟ್ಟು, ನಮಗೆ ಹೇಳುವಂತಿಲ್ಲ ಎಂದರು. ಟೀ ಕುಡಿಯುವಾಗ "ನನ್ನ ನೀಲಿ ಹುಡುಗರು ಇನ್ನೆರಡು ತಿಂಗಳಲ್ಲಿ ಹೇಗಾಗ್ತಾರೆ ನೋಡಿ" ಎಂದು ಅವರೇ ಅಂದರು. ನಾನು ಬಿಸ್ಕತ್ತಿನ ತಟ್ಟೆ ನೋಡಿದೆ. ದೊಡ್ಡಪ್ಪ ನಾಯಿಯನ್ನು ನೋಡಿದರು.

ಷರತ್ತು ಒಂದೇ. ಎರಡು ಬಣ್ಣಗಳೂ ಸೆಪ್ಟೆಂಬರ್‌ವರೆಗೆ ಒಂದೇ ಹೊಲದಲ್ಲಿ ಒಂದೇ ಹುಲ್ಲು ಮೇಯಬೇಕು. ಎರಡರ ಹೊಟ್ಟೆಗೂ ಒಂದೇ ಸಮ ಹುಳ ಹೋದರೆ ತಾನೇ ಯಾವುದು ತಡೆದುಕೊಂಡಿತು ಎಂದು ತಿಳಿಯುವುದು. ಅದಕ್ಕೆ ಡಾಕ್ಟರ್ ಆರಿಸಿದ್ದು ರಸ್ತೆ ಪಕ್ಕದ ಹೊಲ.

"ರಸ್ತೆ ಹೊಲಾನಾ?" ದೊಡ್ಡಪ್ಪನ ಮುಖ ಬಿದ್ದುಹೋಯಿತು.

"ಹುಳ ಜಾಸ್ತಿ ಇರೋದು ಅಲ್ಲೇ."

"ಜನ ಜಾಸ್ತಿ ಓಡಾಡೋದೂ ಅಲ್ಲೇ, ಡಾಕ್ಟ್ರೇ."

ಡಾಕ್ಟರ್ ನಕ್ಕರು. ಇದು ನಗುವ ಮಾತಲ್ಲ ಎಂದು ಅವರಿಗೆ ಗೊತ್ತಿಲ್ಲ. ಈ ಕಡೆಯವರು ರಸ್ತೆಗೆ ಕಾಣುವ ಹೊಲದಲ್ಲಿ ತಮ್ಮ ಅತ್ಯುತ್ತಮ ಕುರಿಗಳನ್ನು ಬಿಡುತ್ತಾರೆ. ಕುಂಟುವುದು, ಕೆಮ್ಮುವುದು, ಉಣ್ಣೆ ಉದುರುವುದು ಎಲ್ಲ ಬೆಟ್ಟದ ಹಿಂದೆ. ಮನೆಯ ಮುಂದಿನ ಕೋಣೆಯಲ್ಲಿ ಒಳ್ಳೆಯ ಪಿಂಗಾಣಿ ಜೋಡಿಸುವಂತೆಯೇ ಇದು. ಆ ಪಿಂಗಾಣಿಯಲ್ಲೂ ಯಾರೂ ಟೀ ಕುಡಿಯುವುದಿಲ್ಲ.

ಜೂನ್ 10

ರಾತ್ರಿ ಊಟಕ್ಕೆ ಕೊಚ್ಚಿದ ಮಾಂಸ, ಆಲೂಗಡ್ಡೆ. ರಸ್ತೆ ಹೊಲದ ಪ್ರಯೋಗಕ್ಕೆ ದೊಡ್ಡಪ್ಪ ಯಾಕೆ ಒಪ್ಪಿದರು ಎಂದು ಪಾತ್ರೆ ಒರೆಸುವಾಗ ದೊಡ್ಡಮ್ಮನನ್ನು ಕೇಳಿದೆ.

"ಇನ್ನೇನ್ ಮಾಡಾನ? ಬಿಳೀ ಔಷಧಿ ಕುಡಿಸಾಯ್ತು, ಹಳದಿ ಆಯ್ತು, ನೀರಿನಂಗಿರೋದೂ ಆಯ್ತು. ಹುಳ ಮೂರನ್ನೂ ಕುಡಿದು ಬಾಯಿ ಒರೆಸ್ಕೊಂಡ್ವು. ಹೋದ್ ವರ್ಷ ಆಗಸ್ಟ್‌ನಾಗೆ ದಿನಾ ಬೆಳಗ್ಗೆ ನಿಮ್ ದೊಡ್ಡಪ್ಪ ಗುದ್ದಲಿ ತಗೊಂಡ್ ಹೋಗೋರು, ಮರಿ ಹೂಳಕ್ಕೆ."

ಈ ಸಲವೂ ಹಾಗೇ ಆದರೆ ನವೆಂಬರ್‌ನಲ್ಲಿ ಬೆಟ್ಟದ ಕುರಿಗಳನ್ನೆಲ್ಲ ಮಾರುತ್ತಾರಂತೆ. ಮರ ಬೆಳೆಸುವ ಕಂಪನಿಯವರು ಪಕ್ಕದ ಬೆಟ್ಟ ತೆಗೆದುಕೊಂಡಾಗಿದೆ, ಇದನ್ನೂ ಕೇಳಿದ್ದಾರೆ. ಬೇರೆ ಕಡೆಯಿಂದ ಕುರಿ ತಂದು ಮತ್ತೆ ಶುರು ಮಾಡಬಹುದಲ್ಲ ಎಂದೆ. ದೊಡ್ಡಮ್ಮ ನನ್ನನ್ನು ಕರುಣೆಯಿಂದ ನೋಡಿದರು.

"ಮೇಲೆ ಬೇಲಿ ಅದೆಯೇನಮ್ಮ? ಬೆಟ್ಟದಾಗೆ ಯಾವ ಮೂಲೆ ತನ್ನದು ಅಂತ ತಾಯಿ ಮರಿಗೆ ಕಲಿಸ್ತದೆ, ಆ ಮರಿ ಅದರ ಮರಿಗೆ. ಇವು ಹೋದ್ರೆ ಕಲಿಸೋರು ಯಾರು? ತಂದು ಬಿಟ್ಟ ಕುರಿ ಸಂಜೆಗೆ ಇಂಗ್ಲೆಂಡ್ನಾಗೆ ಇರ್ತವೆ."

ಇಂಗ್ಲೆಂಡಿನ ಗಡಿ ನಿಜಕ್ಕೂ ಹತ್ತಿರವೇ ಇದೆ.

ಜೂನ್ 26

ಕೆಲಸದ ವಿವರ ಬರೆಯಬೇಕೆಂದರೂ ಕೈ ಬರುವುದಿಲ್ಲ, ಆ ಕೈಗೆ ಈಗ ಬೇರೆ ಉದ್ಯೋಗ. ಕೈಗವಸು ಹಾಕಿ, ಮರಿಯನ್ನು ಮಂಡಿಗಳ ನಡುವೆ ಒತ್ತಿ ಹಿಡಿದು, ಒಂದು ಬೆರಳು. ಅಷ್ಟೇ. ಹಿಕ್ಕೆಯನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತುವುದು. ಕೊಟ್ಟಿಗೆಯ ಮೂಲೆಯಲ್ಲಿ ಸೂಕ್ಷ್ಮದರ್ಶಕ ಇಟ್ಟುಕೊಂಡು ಹುಳದ ಮೊಟ್ಟೆ ಎಣಿಸುವುದು. ಮೊಟ್ಟೆಗಳು ನೋಡಲು ಅಂದವಾಗಿಯೇ ಇವೆ, ಪುಟ್ಟ ಲಿಂಬೆಹಣ್ಣಿನ ಹಾಗೆ. ನಾಲ್ಕು ವರ್ಷ ಸೌಂದರ್ಯಮೀಮಾಂಸೆ ಓದಿದ್ದಕ್ಕೆ ಇಷ್ಟಾದರೂ ಉಪಯೋಗವಾಯಿತು.

ಗೆಳತಿಯರಿಗೆ 'ಜೀವವಿಜ್ಞಾನ ಸಂಸ್ಥೆಯಲ್ಲಿದ್ದೇನೆ' ಎಂದು ಬರೆದಿದ್ದೇನೆ.

ಜುಲೈ 3, ಗುರುವಾರ

ಬಣ್ಣಗಳ ಗುಟ್ಟು ಈಗ ಕುರಿಗಳೇ ರಟ್ಟು ಮಾಡುತ್ತಿವೆ. ಕೆಂಪಿನವು ಸೊರಗಿವೆ, ಬಾಲದ ಬುಡವೆಲ್ಲ ಹಸಿರು. ನೀಲಿಯವು ಗುಂಡಗಿಲ್ಲದಿದ್ದರೂ ನೆಟ್ಟಗೆ ನಿಲ್ಲುತ್ತವೆ. ಮೊಟ್ಟೆಗಳ ಎಣಿಕೆಯೂ ಅದನ್ನೇ ಹೇಳುತ್ತಿದೆ. ಡಾಕ್ಟರ್‌ಗೆ ಇದು ಹಬ್ಬ. ದೊಡ್ಡಪ್ಪನಿಗೆ ಸೂತಕ.

ಪಕ್ಕದ ಜಮೀನಿನ ಟಾಮ್ ಹೆರಿಯಟ್ ಸಂತೆಗೆ ಹೋಗುವಾಗ ಗಾಡಿ ನಿಧಾನ ಮಾಡಿದ. ಈ ನಿಧಾನ ಮಾಡುವುದಕ್ಕೆ ಇಲ್ಲಿ ಬಹಳ ಅರ್ಥಗಳಿವೆ, ಒಂದೂ ಒಳ್ಳೆಯದಲ್ಲ. ಕಿಟಕಿ ಇಳಿಸಿದ.

"ವಾಟಿ, ನಿನ್ ಕೆಂಪಿನವು ಹೊಟ್ಟೆಗೆ ತಿಂತಾವೋ ಇಲ್ವೋ?"

"ಪ್ರಯೋಗ ಕಣ್ಲಾ ಅದು."

"ಹೂಂ. ತಿನ್ನದೇ ಎಷ್ಟ್ ದಿನ ಇರ್ತವೆ ಅಂತಲಾ ಪ್ರಯೋಗ?"

ದೊಡ್ಡಪ್ಪ ನಕ್ಕರು. ಟಾಮ್ ಹೋದ ಮೇಲೆ ಬೇಲಿಯ ಗೂಟ ಒದ್ದರು. ಇಬ್ಬರೂ ಶಾಲೆಯಲ್ಲಿ ಒಂದೇ ಬೆಂಚಿನವರು. ಅರವತ್ತು ವರ್ಷಗಳಿಂದ ಒಬ್ಬರ ಕುರಿಗಳನ್ನು ಇನ್ನೊಬ್ಬರು ನೋಡಿಕೊಂಡೇ ಬದುಕಿದ್ದಾರೆ. ಅದನ್ನು ಸ್ನೇಹ ಎನ್ನಲು ಇಬ್ಬರೂ ಒಪ್ಪುವುದಿಲ್ಲ.

ಜುಲೈ 17, ಗುರುವಾರ

ಟಾಮ್ ಇವತ್ತು ಗಾಡಿ ನಿಲ್ಲಿಸಿಯೇಬಿಟ್ಟ. ಟೋಪಿ ತೆಗೆದು ಎದೆಯ ಮೇಲಿಟ್ಟುಕೊಂಡು, ಕೆಂಪಿನವುಗಳ ಕಡೆ ತಲೆಬಾಗಿಸಿ ನಿಂತು, ಮತ್ತೆ ಗಾಡಿ ಹತ್ತಿಹೋದ.

ದೊಡ್ಡಪ್ಪ ಮಧ್ಯಾಹ್ನ ಊಟ ಮಾಡಲಿಲ್ಲ.

ಜುಲೈ 24, ಗುರುವಾರ

ಬೆಳಗ್ಗೆ ಬೇಗನೆ ದೊಡ್ಡಪ್ಪ ಬಾಗಿಲು ಬಡಿದರು. "ಬಾ ಮಗಾ, ಗೇಟ್ ಹಿಡ್ಕೊ." ಯಾವ ಗೇಟು, ಯಾಕೆ ಎಂದು ಕೇಳುವಷ್ಟರಲ್ಲಿ ನಾನು ಅದನ್ನು ಹಿಡಿದುಕೊಂಡಾಗಿತ್ತು. ನಾಯಿ ನೆಲ್ ಕೆಂಪಿನವುಗಳನ್ನು ಬೇರೆ ಮಾಡಿ ನನ್ನ ಮುಂದೆಯೇ ಸಾಲಾಗಿ ದಾಟಿಸಿತು. ಬೆಟ್ಟದ ಹಿಂದೆ, ಮನೆಗೂ ರಸ್ತೆಗೂ ಕಾಣದ ಹೊಲಕ್ಕೆ. ಅಲ್ಲಿ ಹುಲ್ಲು ಕೊಯ್ದು ಮತ್ತೆ ಚಿಗುರಿದೆ. ಈ ವರ್ಷ ಒಂದು ಕುರಿಯೂ ಅಲ್ಲಿ ಕಾಲಿಟ್ಟಿರಲಿಲ್ಲ.

"ಡಾಕ್ಟ್ರು ಒಂದೇ ಹೊಲ ಅಂದಿದ್ರಲ್ಲ ದೊಡ್ಡಪ್ಪ."

"ಡಾಕ್ಟ್ರ ಮನೆ ಪಕ್ಕ ಟಾಮ್ ಹೆರಿಯಟ್ ಇಲ್ಲ."

"ಆದ್ರೆ ಪ್ರಯೋಗ..."

"ಪ್ರಯೋಗ ಕುರೀದು ತಾನೆ ಮಗಾ, ಹೊಲದ್ದಲ್ಲವಲ್ಲ. ಸೂಜಿ ಕುರಿ ಒಳಗೇ ಅದೆ. ಎಲ್ ನಿಂತ್ರೇನು? ಎರಡು ವಾರ, ಕೆಂಪಿನವು ಸ್ವಲ್ಪ ಮೈ ಹಿಡೀಲಿ, ವಾಪಸ್ ಬಿಡಾನ."

ಮಧ್ಯಾಹ್ನ ಡಾಕ್ಟರ್‌ಗೆ ಫೋನ್ ಮಾಡಿದೆ. ಏನು ಹೇಳಬೇಕೆಂದು ಮೊದಲೇ ನಾಲ್ಕು ವಾಕ್ಯ ಬರೆದಿಟ್ಟುಕೊಂಡಿದ್ದೆ. ಮೊದಲನೆಯದು "ಇಲ್ಲಿ ಒಂದು ಸಣ್ಣ ಘಟನೆ ನಡೆಯಿತು" ಎಂದಿತ್ತು.

"ರೋನಾ, ನೀವು ಸಾಹಿತ್ಯದವರು, ನಿಮಗೆ ಘಟನೆಗಳು ಇಷ್ಟ" ಎಂದರು. "ನನಗೆ ಅಂಕಿ ಕಳಿಸಿ. ಕಥೆ ಬೇಡ." ಫೋನ್ ಇಟ್ಟರು. ಉಳಿದ ಮೂರು ವಾಕ್ಯ ನನ್ನ ಹತ್ತಿರವೇ ಇವೆ. ಅವು ಚೆನ್ನಾಗಿಯೂ ಇದ್ದವು.

ಆಗಸ್ಟ್ 7

ಎರಡು ವಾರ ಮುಗಿಯಿತು. ವಾಪಸ್ ಬಿಡುವ ಮಾತೇ ಇಲ್ಲ.

ಕೆಂಪಿನವುಗಳಿಗೆ ಹೊಸ ಹುಲ್ಲಿನಲ್ಲಿ ಹುಳದ ಕಾಟವಿಲ್ಲ, ದಿನದಿನಕ್ಕೆ ಮೈದುಂಬುತ್ತಿವೆ. ನೀಲಿಯವು ಮಾತ್ರ ಕಚ್ಚಿ ಕಚ್ಚಿ ಸವೆದ ಹಳೆಯ ಹೊಲದಲ್ಲೇ ಇವೆ. ಎಲ್ಲರ ಹಿಕ್ಕೆಯೂ ಬಿದ್ದಿರುವ ಹುಲ್ಲು ಅದು. ಲಸಿಕೆಯೋ ಪಾಪ, ಎಷ್ಟೆಂದು ತಡೆದೀತು? ನೀಲಿಯವುಗಳ ಉಣ್ಣೆಯ ಹೊಳಪು ಇಳಿದಿದೆ. ಅದರಲ್ಲೂ ಹಣೆಯ ಮೇಲೆ ಕಪ್ಪು ಮಚ್ಚೆಯಿರುವ ಒಂದು ಮರಿ, ದಿನಾ ನನ್ನ ಬೂಟಿನ ದಾರ ಜಗಿಯುತ್ತಿದ್ದದ್ದು, ಇವತ್ತು ದಾರದ ಹತ್ತಿರವೂ ಬರಲಿಲ್ಲ. ಸಂಜೆ ಮತ್ತೆ ಹೋಗಿ ನೋಡಿಕೊಂಡು ಬಂದೆ. ಮಲಗಿ ಮೆಲುಕು ಹಾಕುತ್ತಿತ್ತು, ತೊಂದರೆಯಿಲ್ಲ.

ಆಗಸ್ಟ್ 14, ಗುರುವಾರ

ಇದನ್ನು ಯಾರಾದರೂ ಕಾದಂಬರಿಯಲ್ಲಿ ಬರೆದಿದ್ದರೆ ಉತ್ಪ್ರೇಕ್ಷೆ ಎಂದು ಅಂಚಿನಲ್ಲಿ ಗುರುತು ಹಾಕುತ್ತಿದ್ದೆ.

ಹೋದ ವಾರ ಟಾಮ್ ಕಳೆದುಹೋದ ಕುರಿ ಹುಡುಕುತ್ತ ಬೆಟ್ಟದ ಹಿಂದೆ ಹೋಗಿದ್ದನಂತೆ. ಇವತ್ತು ಕಿಟಕಿ ಇಳಿಸಿ, "ವಾಟಿ, ಹಿಂದ್ಗಡೆ ಒಳ್ಳೇ ಮರಿ ಮಡಗ್ಕೊಂಡು ಮುಂದ್ಗಡೆ ಈ ಬಡಕಲು ತೋರಿಸ್ತೀಯಲ್ಲೋ. ವಯಸ್ಸಾಯ್ತು ಬಿಡು ನಿಂಗೆ" ಎಂದ.

ಅವನ ಗಾಡಿ ತಿರುವು ದಾಟಿತೋ ಇಲ್ಲವೋ, ದೊಡ್ಡಪ್ಪ ನೆಲ್‌ಗೆ ಸಿಳ್ಳೆ ಹಾಕಿದರು. ಟಾಮ್ ಸಂತೆಯಿಂದ ಹಿಂದಿರುಗುವ ಹೊತ್ತಿಗೆ ಕೆಂಪಿನವು ರಸ್ತೆಗೆ ಬರಬೇಕು, ನೀಲಿಯವು ಬೆಟ್ಟದ ಹಿಂದೆ ಹೋಗಬೇಕು. ಎರಡು ಹಿಂಡುಗಳು ಗೇಟಿನಲ್ಲಿ ಎದುರುಬದುರಾದವು. ನೆಲ್ ಯಾವ ಕಡೆ ಓಡಬೇಕೆಂದು ತಿಳಿಯದೆ ನಡುವೆ ಕುಳಿತುಬಿಟ್ಟಿತು. ಕೆಂಪು ನೀಲಿ ಎಲ್ಲ ಕಲಸಿ ಒಂದಾಯಿತು. ಒಂದು ಗಳಿಗೆ ಡಾಕ್ಟರ್ ಹೇಳಿದಂತೆಯೇ ಪ್ರಯೋಗ ನಡೆಯಿತು.

"ಬಿಟ್ಬಿಡಿ ದೊಡ್ಡಪ್ಪ, ಹಿಂಗೇ ಇರ್ಲಿ, ಹಿಂಗೇ ಇರ್ಬೇಕು ಅವು" ಎಂದು ಕೂಗಿದೆ.

"ಬಾಯಿ ಮುಚ್ಕೊಂಡು ಗೇಟ್ ಹಿಡಿಯಮ್ಮ."

ಹಿಡಿದೆ. ಸಂಜೆ ಟಾಮ್ ಹಿಂದಿರುಗುವಾಗ ಹಾರ್ನ್ ಬಾರಿಸಿ ಹೋದ. ದೊಡ್ಡಪ್ಪ ಆ ಹಾರ್ನನ್ನು ಊಟದ ಜೊತೆಗೆ ಚಪ್ಪರಿಸಿದರು.

 

ಆಗಸ್ಟ್ 28

ಡಾಕ್ಟರ್ ಬ್ಲೇನ್ ಫೋನ್ ಮಾಡಿದರು. ಸಂಸ್ಥೆಯ ಇಬ್ಬರು ಹುಡುಗರು ಬಂದು ಮರಿಗಳ ತೂಕ ನೋಡಿಕೊಂಡು ಹೋಗಿದ್ದರು. ಕೆಂಪು, ನೀಲಿ, ಎರಡರ ತೂಕವೂ ಒಂದೇ. ಮೊಟ್ಟೆಗಳ ಎಣಿಕೆಯೂ ಕಲಸುಮೇಲೋಗರ.

"ಲಸಿಕೆ ಸೋತಿತು, ರೋನಾ. ಮುಂದಿನ ತಿಂಗಳು ಹನ್ನೊಂದನೇ ತಾರೀಕು ಗುರುವಾರ ನಿಮ್ಮ ಕೊಟ್ಟಿಗೆಯಲ್ಲೇ ರೈತರನ್ನೆಲ್ಲ ಕರೆದು ಹೇಳಿಬಿಡೋಣ. ಯೋಜನೆ ಮುಚ್ಚುತ್ತೇವೆ. ಭಾಷಣ ಸ್ವಲ್ಪ ನೀವು ಬರೆದುಕೊಡಿ. ಸೋಲನ್ನ ಚೆನ್ನಾಗಿ ಬರೆಯೋದು ನಿಮ್ಮವರಿಗೆ ಗೊತ್ತಿರುತ್ತಲ್ಲ."

ಆಗ ಹೇಳಿದೆ. ಬರೆದಿಟ್ಟುಕೊಂಡದ್ದಲ್ಲ, ಹಾಗೇ ಬಾಯಿಗೆ ಬಂದದ್ದು. ಜುಲೈನಲ್ಲಿ ಕೆಂಪಿನವು ಬೇರೆ ಹೊಲಕ್ಕೆ ಹೋದದ್ದು, ಆಗಸ್ಟ್‌ನಲ್ಲಿ ಅದಲುಬದಲಾದದ್ದು, ಎರಡು ಸಲವೂ ಗೇಟು ಹಿಡಿದವಳು ನಾನೇ ಎನ್ನುವುದು. 

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ?"

"ಅಂಕಿ ಕಳಿಸಿ ಅಂದ್ರಿ. ಕಳಿಸಿದೆ."

ಆಮೇಲೆ ಮೃದುವಾದ ದನಿಯಲ್ಲಿ, "ನೋಡಿ, ಹಣ ಕೊಟ್ಟವರ ಮುಂದೆ ಹೋಗಿ 'ಸೋತಿತು' ಅನ್ನಬಹುದು. ವಿಜ್ಞಾನದಲ್ಲಿ ಸೋಲಿಗೆ ಮರ್ಯಾದೆ ಇದೆ. 'ಗೇಟು ತೆರೆದಿತ್ತು, ಜೂನ್ ಆದ ಮೇಲೆ ನಾನು ಒಂದು ಸಲವೂ ಬಂದು ನೋಡಲಿಲ್ಲ' ಅನ್ನೋಕಾಗುತ್ತಾ? ಭಾಷಣ ಸಭೆಯ ಹಿಂದಿನ ದಿನದೊಳಗೆ ಕಳಿಸಿ" ಎಂದರು.

ಲಸಿಕೆ ನಿಜಕ್ಕೂ ಸೋತಿದ್ದರೆ ನನ್ನದೇನೂ ತಕರಾರಿಲ್ಲ. ಅದು ಗೆದ್ದಿತೋ ಸೋತಿತೋ ಯಾರಿಗೂ ಗೊತ್ತಿಲ್ಲ. ಗೊತ್ತಾಗದಂತೆ ಮಾಡಿದವರು ನಾವು.

ಸೆಪ್ಟೆಂಬರ್ 1

ಅರ್ಜಿ ಹಾಕಿದ್ದ ಎಡಿನ್‌ಬರೋದ ಪ್ರಕಾಶನವೊಂದರಿಂದ ಸಂದರ್ಶನಕ್ಕೆ ಕರೆ. ಹನ್ನೊಂದನೇ ತಾರೀಕು, ಗುರುವಾರ, ಬೆಳಗ್ಗೆ. ಕೊಟ್ಟಿಗೆಯ ಸಭೆಯ ದಿನವೇ. ಅಂದರೆ ನಾನು ಅಲ್ಲಿರಬೇಕಾಗಿಯೇ ಇಲ್ಲ. ಭಾಷಣ ಬರೆದಿಟ್ಟು ರೈಲು ಹತ್ತಿದರೆ ಆಯಿತು. ಎಷ್ಟು ಅನುಕೂಲವಾಗಿ ಒದಗಿ ಬಂತು. ಸಂತೋಷವಾಗಬೇಕಿತ್ತು. ಆಗುತ್ತಿದೆ ಎಂದೇ ಬರೆದುಕೊಳ್ಳುತ್ತೇನೆ.

ಸೆಪ್ಟೆಂಬರ್ 4

ದೊಡ್ಡಪ್ಪನಿಗೆ ಡಾಕ್ಟರ್ 'ಸೋತಿತು' ಎಂದಷ್ಟೇ ತಿಳಿಸಿದ್ದಾರೆ. ದೊಡ್ಡಪ್ಪ ಅವತ್ತೇ ಕುರಿ ವ್ಯಾಪಾರಿಗೆ ಬರಹೇಳಿದ್ದರಂತೆ. ಇವತ್ತು ಬೆಳಗ್ಗೆ ಗಂಜಿ ತಿನ್ನುವಾಗ ದೊಡ್ಡಮ್ಮನ ಬಾಯಿಂದ ಕೇಳಿ ತಿಳಿಯಿತು. ಬಟ್ಟಲು ಪಕ್ಕಕ್ಕೆ ಸರಿಸಿದೆ.

"ದೊಡ್ಡಪ್ಪ, ಲಸಿಕೆ ಸೋತಿಲ್ಲ" ಎಂದೆ. "ಸೋತಿರಬಹುದು, ಇಲ್ಲದೇ ಇರಬಹುದು. ಸೂಜಿ ಇಲ್ಲದ ಕೆಂಪಿನವಕ್ಕೆ ನೀವು ಚೊಕ್ಕ ಹುಲ್ಲು ಕೊಟ್ರಿ. ಸೂಜಿ ಹಾಕಿಸ್ಕೊಂಡ ನೀಲಿಯವನ್ನ ಹುಳದ ಹೊಲದಲ್ಲೇ ಬಿಟ್ರಿ. ಆಮೇಲೆ ಅದಲುಬದಲು. ಇನ್ನೆಲ್ಲಿಂದ ಗೊತ್ತಾಗ್ಬೇಕು?"

ಅವರು ಚಮಚ ಕೆಳಗಿಟ್ಟರು. ಕುರಿಗಳ ವಿಷಯದಲ್ಲಿ ಮಂದಬುದ್ಧಿಯವರಲ್ಲ. ಮುಖದ ಮೇಲೆ ಲೆಕ್ಕ ನಡೆಯುವುದು ಕಾಣುತ್ತಿತ್ತು. ಮೊದಲು ಆಸೆ ಬಂತು.

"ಅಂದ್ರೆ ಕೆಲ್ಸ ಮಾಡಿದ್ರೂ ಮಾಡಿರಬೌದು?"

"ಜುಲೈವರೆಗೂ ಮಾಡ್ತಿದ್ದಂಗೇ ಕಾಣ್ತಿತ್ತು."

ಆಮೇಲೆ ಭಯ.

"ಗುರುವಾರ ಟಾಮ್ ಬರ್ತಾನೆ. ಮುಂದಿನ ಸಾಲ್ನಾಗೇ ಕೂರ್ತಾನೆ. ನನ್ ಬಡಕಲು ಕುರಿ ಅವನಿಗೆ ಕಾಣ್ಬಾರ್ದು ಅಂತ ನಾನು ಇಡೀ ಪ್ರಯೋಗ ಕೆಡಿಸ್ದೆ ಅಂತ ಗೊತ್ತಾದ್ರೆ, ನನ್ ಹೆಣ ಹೊರೋವಾಗ್ಲೂ ಅದನ್ನೇ ಹೇಳ್ಕೊಂಡ್ ಬರ್ತಾನೆ. ಡಾಕ್ಟ್ರು ಸೋತ್ರು ಅಂತಾನೇ ಇರ್ಲಿ ಮಗಾ."

"ಕುರಿ?"

ದೊಡ್ಡಪ್ಪ ಚಮಚ ಮತ್ತೆ ಕೈಗೆತ್ತಿಕೊಂಡರು.

"ಕುರಿ ಹೋದ್ಮೇಲೆ ಟಾಮ್ ಗಾಡಿ ನಿಲ್ಸಿ ಏನ್ ನೋಡ್ತಾನೆ, ನಿಮ್ ಮಖಾನಾ?" ಎಂದರು ದೊಡ್ಡಮ್ಮ. ಎದ್ದು ಹೋಗಿ ಕೆಟಲ್ ಇಟ್ಟರು.

ದೊಡ್ಡಪ್ಪ ಟೋಪಿ ಹಾಕಿಕೊಂಡು ಹೊರಗೆ ಹೋದರು. ಅವರು ಕುರಿಗಳನ್ನು ಪ್ರೀತಿಸುತ್ತಾರೆ. ಟಾಮ್‌ನ ಕಣ್ಣಿಗೆ ಮಾತ್ರ ಅದಕ್ಕಿಂತ ಹೆಚ್ಚು ಹೆದರುತ್ತಾರೆ. ಅವರನ್ನು ಗೇಲಿ ಮಾಡುವುದು ಸುಲಭ. ಸಂಜೆಯವರೆಗೆ ಮಾಡಲು ಪ್ರಯತ್ನಿಸಿದೆ.

ಸೆಪ್ಟೆಂಬರ್ 7, ಭಾನುವಾರ

ವ್ಯಾಪಾರಿ ಬಂದಿದ್ದ. ದೊಡ್ಡಪ್ಪ ಚರ್ಚಿನಿಂದ ಇನ್ನೂ ಬಂದಿರಲಿಲ್ಲ, ನಾನೇ ಬೆಟ್ಟಕ್ಕೆ ಕರೆದುಕೊಂಡು ಹೋದೆ. ಸಿಕ್ಕ ಸಿಕ್ಕ ಕುರಿಯ ತುಟಿ ಎತ್ತಿ ಹಲ್ಲು ನೋಡುತ್ತಿದ್ದ. ಕಿವಿ ಹರಿದ ಮುದಿ ಕುರಿಯನ್ನು ಹಿಡಿದು, "ಇದು ಇನ್ಯಾತಕ್ಕೂ ಆಗಲ್ಲ, ನಾಯಿ ಊಟಕ್ಕೆ" ಎಂದ.

"ಬಿಡಿ ಅದನ್ನ" ಎಂದೆ.

"ಏನಂದ್ರಿ?"

"ಬಿಡಿ ಅಂದೆ. ಈ ಮೂಲೇಲಿ ಹಿಮ ಬಿದ್ದಾಗ ಎಲ್ಲಿ ನಿಲ್ಬೇಕು ಅನ್ನೋದು ಅದಕ್ಕೆ ಗೊತ್ತು. ಉಳಿದವು ಅದರ ಹಿಂದೆ ಹೋಗ್ತವೆ. ಹಲ್ಲಲ್ಲಿ ಬರೆದಿರಲ್ಲ ಅದು."

ಅವನು ಬಿಟ್ಟ. ಮುದಿ ಕುರಿ ಹತ್ತು ಹೆಜ್ಜೆ ಹೋಗಿ, ತನ್ನ ಮರಿಯ ಪಕ್ಕೆಗೆ ತಲೆಯಿಂದ ತಿವಿದು, ತೊರೆ ದಾಟುವ ಕಾಲುದಾರಿಗೆ ತಿರುಗಿಸಿತು. ಮರಿ ಬೇರೆ ಕಡೆಗೆ ನೋಡುತ್ತಿತ್ತು. ಇನ್ನೊಂದು ಸಲ ತಿವಿಯಿತು. ನಾನು ನಿಂತು ನೋಡಿದೆ. ಈ ಮನುಷ್ಯ ಪೆನ್ನು ತೆಗೆದು ಏನೋ ಕೂಡಿಸುತ್ತಿದ್ದ.

ಇಳಿಯುವಾಗ ಅವನು, "ನೀವು ಇಲ್ಲೇ ಹುಟ್ಟಿ ಬೆಳೆದೋರಾ?" ಎಂದು ಕೇಳಿದ. ಅಲ್ಲ, ಗ್ಲಾಸ್ಗೋ ಎಂದೆ. ನಂಬಿದಂತೆ ಕಾಣಲಿಲ್ಲ.

ಸೆಪ್ಟೆಂಬರ್ 10, ಬುಧವಾರ

ಭಾಷಣ ಮೊನ್ನೆಯೇ ಕಳಿಸಿದೆ. ಚೆನ್ನಾಗಿದೆ. 'ಪ್ರಕೃತಿಯ ಮುಂದೆ ವಿನಯದಿಂದ ತಲೆಬಾಗುತ್ತೇವೆ' ಎಂಬ ವಾಕ್ಯಕ್ಕೆ ಡಾಕ್ಟರ್ ಬ್ಲೇನ್ ಪ್ರತ್ಯೇಕವಾಗಿ ಮೆಚ್ಚುಗೆ ಬರೆದಿದ್ದಾರೆ. ಇಷ್ಟು ಸುಳ್ಳು ವಾಕ್ಯವನ್ನು ನಾನು ಹಿಂದೆ ಬರೆದಿರಲಿಲ್ಲ. ಅದರ ಲಯ ಮಾತ್ರ ಒಂದಿಷ್ಟೂ ತಪ್ಪಿಲ್ಲ.

ಕೊಟ್ಟಿಗೆಯಲ್ಲಿ ಬೆಂಚು ಜೋಡಿಸಿದೆವು. ನಾಳೆ ಎಪ್ಪತ್ತು ಎಂಬತ್ತು ಜನ ಬರಬಹುದು. ಈ ಕಣಿವೆಯಲ್ಲಿ ಯಾರ ಹೊಲದಲ್ಲೂ ಈಗ ಔಷಧಿಗೆ ಹುಳ ಸರಿಯಾಗಿ ಸಾಯುತ್ತಿಲ್ಲ, ಆ ಮಾತನ್ನು ಮಾತ್ರ ಯಾರೂ ಇನ್ನೊಬ್ಬರೆದುರು ಆಡುವುದಿಲ್ಲ. ಎಲ್ಲರ ಬಡಕಲು ಮರಿಗಳೂ ಯಾವುದೋ ಬೆಟ್ಟದ ಹಿಂದೆ ಇವೆ. ಟಾಮ್‌ನ ಬೆಟ್ಟದ ಹಿಂದೆಯೂ ಏನೋ ಇರಲೇಬೇಕು, ಸುಮ್ಮನೆ ಯಾರೂ ಟೋಪಿ ತೆಗೆಯುವುದಿಲ್ಲ. ಲಸಿಕೆ ಸೋತಿತು ಎಂದು ನಾಳೆ ಕೇಳಿಸಿಕೊಂಡು, ಎಲ್ಲರೂ ತಲೆಯಾಡಿಸಿ, ದೊಡ್ಡಮ್ಮ ಬೇಯಿಸಿದ ಸ್ಕೋನ್ ಬನ್ನು ತಿಂದು ಮನೆಗೆ ಹೋಗುತ್ತಾರೆ. ನವೆಂಬರ್‌ನಲ್ಲಿ ಒಬ್ಬೊಬ್ಬರಾಗಿ ವ್ಯಾಪಾರಿಗೆ ಫೋನ್ ಮಾಡುತ್ತಾರೆ.

ಸಂಜೆ ದೊಡ್ಡಪ್ಪ ರಸ್ತೆ ಹೊಲದ ಮರಿಗಳ ಮುಖ ಬಕೆಟ್ ನೀರಿನಲ್ಲಿ ತೊಳೆಯುತ್ತಿದ್ದರು. ನಾನೂ ಹೋಗಿ ಹಿಡಿದುಕೊಟ್ಟೆ.

"ರೈಲು ಎಷ್ಟೊತ್ಗೆ?" ಎಂದರು.

"ಏಳೂವರೆಗೆ."

"ಒಳ್ಳೇದಾಗ್ಲಿ. ಅಲ್ಲಿ ಬಾಯ್ಬಿಟ್ಟು ಮಾತಾಡಮ್ಮ, ನಿಮ್ಮಪ್ಪನಂಗೆ ನೆಲ ನೋಡ್ಕೊಂಡ್ ಕೂತ್ಕೋಬೇಡ."

"ಆಯ್ತು ದೊಡ್ಡಪ್ಪ" ಎಂದೆ.

ಇನ್ನೊಂದು ಮರಿಯ ಮುಖ ತೊಳೆದರು. ನೀರು ಕಪ್ಪಗಾಗಿತ್ತು. "ಇವನ್ನ ಈ ಚಳಿಗಾಲ ಒಂದು ಮಡಗ್ಕೊಳ್ಳಾನ ಅಂದ್ರೆ, ಯಾವ್ ನಂಬಿಕೆ ಮೇಲೆ ಮಡಗ್ಕೊಳ್ಳಾದು?" ಎಂದರು. ನನ್ನನ್ನು ಕೇಳಿದ್ದೋ, ಮರಿಯನ್ನೋ ಗೊತ್ತಾಗಲಿಲ್ಲ.

ದೊಡ್ಡಮ್ಮ ನನ್ನ ಬಿಳಿ ಅಂಗಿಯನ್ನು ಕುರ್ಚಿಯ ಬೆನ್ನಿಗೆ ಹಾಕಿದ್ದಾರೆ. ಪ್ರಕಾಶನದವರಿಗೆ ಈಗಷ್ಟೇ ಎರಡು ಸಾಲು ಬರೆದು ಕಳಿಸಿದೆ, ನಾಳೆ ಬರಲಾಗುವುದಿಲ್ಲ, ಕ್ಷಮಿಸಿ ಎಂದು. ಕೆಳಗೆ ಯಾರಿಗೂ ಹೇಳಿಲ್ಲ.

ಬಿಳಿ ಅಂಗಿ ಹಾಕಿಕೊಂಡೇ ಕೊಟ್ಟಿಗೆಗೆ ಹೋಗುತ್ತೇನೆ. ಡಾಕ್ಟರ್ ಬ್ಲೇನ್ ನನ್ನ ವಾಕ್ಯ ಓದಿ ತಲೆಬಾಗಿದ ಕೂಡಲೇ ಎದ್ದು ನಿಲ್ಲುತ್ತೇನೆ. ಎರಡು ಬಣ್ಣಗಳೂ ಒಂದೇ ಹುಲ್ಲು ಮೇಯಲಿಲ್ಲ, ಬಡಕಲು ಮರಿ ರಸ್ತೆಗೆ ಕಾಣಬಾರದೆಂದು ನಾವು ಅವನ್ನು ಅಡಗಿಸಿಟ್ಟೆವು ಎಂದು ಮೊದಲ ಸಾಲಿನಲ್ಲಿ ಕೂತ ಟಾಮ್ ಹೆರಿಯಟ್‌ನ ಮುಖ ನೋಡಿಯೇ ಹೇಳುತ್ತೇನೆ. ದೊಡ್ಡಪ್ಪ ನನ್ನ ಜೊತೆ ಮಾತು ಬಿಡಬಹುದು, ಒಂದು ತಿಂಗಳೋ ಎರಡೋ. ಬಿಡಲಿ. ಆಮೇಲೆ ಪ್ರಯೋಗಕ್ಕೆ ಇನ್ನೊಂದು ಬೇಸಿಗೆ ಕೇಳುತ್ತೇನೆ, ಇದೇ ಹೊಲ, ಇದೇ ರಸ್ತೆ. ಗೇಟು ಕಾಯುವವರು ಯಾರು ಎಂದು ಡಾಕ್ಟರ್ ಕೇಳಿದರೆ, ನಾನಿರುತ್ತೇನೆ ಎನ್ನುತ್ತೇನೆ.